ಗೋಧಿಯ ಬಯಲಿನ ಪಾಳುಮನೆಗಳು

“ಬೆಳಗಾಗೆದ್ದು ಸ್ಮಶಾನದ ದಾರಿ ಹಿಡಿಯೋದು ಯಾವ ಸೀಮೆ ಹವ್ಯಾಸವೋ ಕಾಣೆನಪ್ಪ!” ಎಂದು ನನ್ನ ಮನೆಯಾಕೆ ಪುಳಿಯೋಗರೆಯ ಡಬ್ಬಿಯ ಮುಚ್ಚಳವನ್ನು ಅದುಮುತ್ತ ಗೊಣಗಿದಳು. ಆಕೆಯ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಜೂನ್ ತಿಂಗಳ ಒಂದು ಶನಿವಾರ, ಸೂರ್ಯನು ಇನ್ನೂ ಮುಖ ತೋರಿಸುವುದಕ್ಕೆ ಮುನ್ನವೇ, ಕೆನಡಾ ದೇಶದ ಸಸ್ಕಾಚೆವಾನ್ ಪ್ರಾಂತದ ರಾಜಧಾನಿ ರಿಜೈನಾದಿಂದ ನಾವು ನಾಲ್ವರು ಹೊರಟು ನಿಂತಿದ್ದೆವು. ಹೋಗುತ್ತಿದ್ದುದು ಯಾವ ಜಲಪಾತಕ್ಕೂ ಅಲ್ಲ, ದೇವಸ್ಥಾನಕ್ಕೂ ಅಲ್ಲ. ನೂರು ವರ್ಷದ ಹಿಂದೆ ಯಾರೋ ಕಟ್ಟಿ, ಯಾರೋ ಬಿಟ್ಟುಹೋದ ಮನೆಗಳನ್ನೂ, ಅವರ ಗೋರಿಗಳನ್ನೂ ನೋಡುವುದಕ್ಕೆ.

ಇದಕ್ಕೆಲ್ಲ ಮೂಲಪುರುಷರು ನಮ್ಮ ಅಳಿಯಂದಿರು. ವಾರವೆಲ್ಲ ಕಛೇರಿಯಲ್ಲಿ ಯಂತ್ರಗಳ ನಕ್ಷೆಯನ್ನು ತಿದ್ದುವ ಈ ಇಂಜಿನಿಯರ್ ಮಹಾಶಯರು ರಜೆ ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ಹಾಳೂರುಗಳ ದಾರಿ ಹಿಡಿಯುತ್ತಾರೆ. ಕಾರಿನ ಹಿಂಬದಿಯಲ್ಲಿ ಮುಕ್ಕಾಲಿ, ಒಂದು ಕೈಗನ್ನಡಿ, ರಬ್ಬರ್ ಬೂಟು, ಎರಡು ಕೊಡದಷ್ಟು ಕುಡಿಯುವ ನೀರು, ಹಳೆಯ ಭೂಪಟ. “ಕೈಗನ್ನಡಿ ಯಾತಕ್ಕೆ?” ಎಂದು ಕೇಳಿದೆ. “ಅದು ಗೋರಿಗಳಿಗೆ, ಮಾವ” ಎಂದರು. ನನ್ನಾಕೆ ನನ್ನ ಮುಖವನ್ನು ನೋಡಿದಳು. ನಾನು ಕಿಟಕಿಯ ಹೊರಗೆ ನೋಡಿದೆ.

ಪ್ರೇರಿ ಎಂಬ ಆ ಬಯಲನ್ನು ಕಂಡಿಲ್ಲದವರಿಗೆ ವರ್ಣಿಸುವುದು ಕಷ್ಟ. ನಮ್ಮ ಬಳ್ಳಾರಿ, ರಾಯಚೂರು ಸೀಮೆಯ ಬಯಲಿನಲ್ಲಿಯೂ ಅಲ್ಲೊಂದು ಗುಡ್ಡ, ಇಲ್ಲೊಂದು ಬಂಡೆ ಕಣ್ಣಿಗೆ ತಡೆಯುತ್ತದೆ. ಇಲ್ಲಿ ತಡೆಯುವುದೇನೂ ಇಲ್ಲ. ದಾರಿಗಳೂ ವಿಚಿತ್ರ: ಹಗ್ಗ ಹಿಡಿದು ಎಳೆದಂತೆ ನೇರ. ೧೮೭೧ರಲ್ಲಿ ಸರ್ಕಾರವು ಮೋಜಣಿಯನ್ನು ಆರಂಭಿಸಿ, ಈ ನೆಲವನ್ನು ಒಂದೊಂದು ಮೈಲಿಯ ಚೌಕಗಳಾಗಿ ಸೀಳಿತು. ಒಂದು ಚೌಕಕ್ಕೆ ೬೪೦ ಎಕರೆ. ಅಂಥ ೩೬ ಚೌಕಗಳು ಸೇರಿದರೆ ಒಂದು ‘ಟೌನ್‌ಶಿಪ್’. ಮರುವರ್ಷ, ಅಂದರೆ ೧೮೭೨ರಲ್ಲಿ, ಒಂದು ಕಾನೂನು ಬಂದಿತು. ಹತ್ತು ಡಾಲರು ಶುಲ್ಕ ಕಟ್ಟಿದವನಿಗೆ ಚೌಕದ ಕಾಲುಭಾಗ, ೧೬೦ ಎಕರೆ. ಮೂರು ವರ್ಷ ಅಲ್ಲಿ ವಾಸವಿದ್ದು, ಮನೆ ಕಟ್ಟಿ, ಗೊತ್ತಾದಷ್ಟು ನೆಲವನ್ನು ಉತ್ತು ತೋರಿಸಿದರೆ ಪಟ್ಟಾ ಅವನ ಕೈಗೆ. ೧೮೮೫ರಲ್ಲಿ ಸಮುದ್ರದಿಂದ ಸಮುದ್ರಕ್ಕೆ ರೈಲುಹಾದಿ ಕೂಡಿಕೊಂಡಿತು. ೧೮೯೬ರಿಂದ ಕ್ಲಿಫರ್ಡ್ ಸಿಫ್ಟನ್ ಎಂಬ ಮಂತ್ರಿ ಯೂರೋಪಿನ ಹಳ್ಳಿಹಳ್ಳಿಗೂ ಈ ಸುದ್ದಿಯನ್ನು ಬಣ್ಣದ ಭಿತ್ತಿಪತ್ರಗಳಲ್ಲಿ ಮುಟ್ಟಿಸಿದನು. ಜನ ಬಂದರು. ೧೯೦೧ರಲ್ಲಿ ೯೧ ಸಾವಿರವಿದ್ದ ಇಲ್ಲಿನ ಜನಸಂಖ್ಯೆ ೧೯೧೧ರ ವೇಳೆಗೆ ೪ ಲಕ್ಷ ೯೨ ಸಾವಿರ. ೧೯೩೧ರಲ್ಲಿ ೯ ಲಕ್ಷ ೨೧ ಸಾವಿರ.

ಹತ್ತು ಡಾಲರಿಗೆ ೧೬೦ ಎಕರೆ! ಅರ್ಧ ಎಕರೆಗಾಗಿ ಮೂರು ತಲೆಮಾರು ನ್ಯಾಯಾಲಯದ ಮೆಟ್ಟಿಲು ಸವೆಸಿದವರ ಸೀಮೆಯಿಂದ ಬಂದ ನನಗೆ ಈ ಲೆಕ್ಕ ತಲೆಗೆ ಹೋಗಲು ತುಸು ಹೊತ್ತು ಹಿಡಿಯಿತು. ಆದರೆ ಬಂದವರು ಹತ್ತು ಜನರಲ್ಲಿ ನಾಲ್ವರು ಪಟ್ಟಾ ಕಾಣದೆಯೇ ಕೈಬಿಟ್ಟು ಹೋದರಂತೆ. ಉಳಿದವರಲ್ಲಿಯೂ ಎಷ್ಟೋ ಜನ ಆಮೇಲೆ ಹೋದರು. ಅವರು ಬಿಟ್ಟುಹೋದದ್ದೇ ಅಳಿಯಂದಿರ ಚಿತ್ರಗಳಿಗೆ ವಸ್ತು.

ಮರವಿಲ್ಲದ ಆ ನಾಡಿನಲ್ಲಿ ಮೊದಲ ಮನೆ ಮಣ್ಣಿನದು. ಹುಲ್ಲಿನ ಬೇರು ಹೆಣೆದುಕೊಂಡಿರುವ ನೆಲವನ್ನು ನೇಗಿಲಿನಿಂದ ಪಟ್ಟಿಪಟ್ಟಿಯಾಗಿ ಎಬ್ಬಿಸಿ, ಕತ್ತರಿಸಿ, ಇಟ್ಟಿಗೆಯಂತೆ ಪೇರಿಸುತ್ತಿದ್ದರು. ಒಳಗೆ ಚಳಿಗಾಲದಲ್ಲಿ ಬೆಚ್ಚಗೆ. ಮಳೆ ಬಂದರೆ ಮಾತ್ರ ಹೊರಗೆ ನಿಂತ ಮೇಲೆ ಎರಡು ದಿನ ಒಳಗೆ ಸೋರುವುದು. ಇವು ಬಹುಮಟ್ಟಿಗೆ ಕರಗಿ ನೆಲವಾಗಿಹೋಗಿವೆ. ಕಿಂಡರ್ಸ್‌ಲಿ ಊರಿನ ಹತ್ತಿರ ಜೇಮ್ಸ್ ಆಡಿಸನ್ ಎಂಬಾತನು ೧೯೦೯ರಿಂದ ೧೯೧೧ರವರೆಗೆ ಕಟ್ಟಿದ ಮನೆಯೊಂದು ಇನ್ನೂ ನಿಂತಿದೆ. ಈಗ ಅದು ರಾಷ್ಟ್ರೀಯ ಸ್ಮಾರಕ. ಇಂಥ ಮನೆಗಳ ಚಿತ್ರ ತೆಗೆಯುವುದನ್ನೇ ಕಸುಬಾಗಿಸಿಕೊಂಡ ಸಾಲೊಮನ್ ಬುಚರ್ ಎಂಬಾತನೊಬ್ಬ ಗಡಿಯಾಚೆಯ ನೆಬ್ರಾಸ್ಕಾದಲ್ಲಿದ್ದನು. ೧೮೮೬ರಲ್ಲಿ ಮೊದಲುಮಾಡಿ ಆತನು ತೆಗೆದ ಗಾಜಿನ ಪ್ರತಿಗಳು ಮೂರು ಸಾವಿರಕ್ಕೂ ಹೆಚ್ಚು. ಅವುಗಳಲ್ಲೊಂದರಲ್ಲಿ ಗೃಹಿಣಿಯೊಬ್ಬಳು ತನ್ನ ಮಣ್ಣಿನ ಮನೆ ಚಿತ್ರದಲ್ಲಿ ಕಾಣಕೂಡದೆಂದು ಹಟ ಹಿಡಿದು, ಒಳಗಿದ್ದ ಹಾರ್ಮೋನಿಯದಂಥ ದೊಡ್ಡ ವಾದ್ಯವನ್ನು ಬಯಲಿಗೆ ಹೊರಿಸಿ ತರಿಸಿ, ಅದರ ಪಕ್ಕದಲ್ಲಿ ಸಂಸಾರ ಸಮೇತ ನಿಂತಿದ್ದಾಳೆ. ಊರಿನ ನೆಂಟರಿಗೆ ಕಳಿಸುವ ಚಿತ್ರವಲ್ಲವೆ! ಇದನ್ನು ಕೇಳಿ ನನ್ನಾಕೆ ಮೊದಲ ಬಾರಿಗೆ ನಕ್ಕಳು.

ಸ್ವಲ್ಪ ಕೈಗೂಡಿದವರು ಹಲಗೆಯ ಮನೆ ಕಟ್ಟಿಕೊಂಡರು. ಅದೂ ಹೇಗೆ? ಈಟನ್ ಕಂಪೆನಿಯ ಕ್ಯಾಟಲಾಗು ನೋಡಿ, ಇಂಥ ನಮೂನೆಯ ಮನೆ ಬೇಕೆಂದು ಕಾಗದ ಬರೆದರೆ, ನಕ್ಷೆ ಅಂಚೆಯಲ್ಲಿಯೂ ಮರ ರೈಲಿನಲ್ಲಿಯೂ ಬರುತ್ತಿದ್ದವು. ಸೀರೆ ತರಿಸಿದಂತೆ ಮನೆ ತರಿಸುವುದು! ಈಗ ಗದ್ದೆಯ ನಡುವೆ ಬಣ್ಣ ಹಾರಿ, ಬೆಳ್ಳಿಯಂತೆ ಬೂದು ಹಿಡಿದು, ಒಂದು ಮಗ್ಗುಲಿಗೆ ವಾಲಿ ನಿಂತಿರುವ ಮನೆಗಳಲ್ಲಿ ಅಂಥವು ಎಷ್ಟೋ ಇರಬೇಕು.

ನಾವು ಮೊದಲು ಹೋದದ್ದು ಕ್ಯಾನಿಂಗ್ಟನ್ ಮ್ಯಾನರ್ ಎಂಬಲ್ಲಿಗೆ. ಪ್ರಾಂತದ ಆಗ್ನೇಯ ಮೂಲೆ. ೧೮೮೨ರಲ್ಲಿ ಕ್ಯಾಪ್ಟನ್ ಎಡ್ವರ್ಡ್ ಪಿಯರ್ಸ್ ಎಂಬ ಇಂಗ್ಲಿಷ್ ಗೃಹಸ್ಥನು, ತನ್ನ ನಾಡಿನಲ್ಲಿ ಹಣ ಕಳೆದುಕೊಂಡು, ಇಲ್ಲಿ ಬಂದು ಊರು ಕಟ್ಟಿದನು. ಕಟ್ಟಿದ್ದು ಬರಿಯ ಊರಲ್ಲ, ಇಂಗ್ಲೆಂಡನ್ನೇ! ಧನಿಕರ ಮಕ್ಕಳಿಗೆ ವರ್ಷಕ್ಕೆ ನೂರು ಪೌಂಡಿನ ಮೇಲೆ ಬೇಸಾಯ ಕಲಿಸುವುದೆಂದು ಒಂದು ಶಾಲೆ ತೆರೆದನು. ಬಂದ ಹುಡುಗರು ಬೇಸಾಯವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಮಾಡಿದರು: ಕ್ರಿಕೆಟ್, ಕುದುರೆ ಜೂಜು, ನಾಯಿಗಳನ್ನು ಬಿಟ್ಟು ಬೇಟೆ. ಬೆಕ್ಟನ್ ಸಹೋದರರೆಂಬವರು ಇಪ್ಪತ್ತಕ್ಕೂ ಹೆಚ್ಚು ಕೋಣೆಗಳ ಕಲ್ಲಿನ ಮಹಲನ್ನೇ ಎಬ್ಬಿಸಿದರು. ಹದಿನೆಂಟು ವರ್ಷ ಈ ಸೊಗಸು ನಡೆಯಿತು. ಆ ಬಳಿಕ ರೈಲುಹಾದಿ ಬಂದಿತು; ಆದರೆ ಬಂದದ್ದು ಹತ್ತು ಮೈಲಿ ದಕ್ಷಿಣಕ್ಕೆ. ಅಷ್ಟೇ ಸಾಕಾಯಿತು. ಊರು ಖಾಲಿಯಾಯಿತು.

ಈಗ ಅಲ್ಲಿ ಹುಲ್ಲು, ಕೆಲವು ಕಟ್ಟಡಗಳು, ಮತ್ತು ೧೮೮೪ರಲ್ಲಿ ಮರದ ದಿಮ್ಮಿಗಳಿಂದ ಶಿಲುಬೆಯಾಕಾರದಲ್ಲಿ ಕಟ್ಟಿದ ಪುಟ್ಟ ಚರ್ಚು. ಸುತ್ತಲೂ ಗೋರಿಗಳು. ಊರು ಕಟ್ಟಿದ ಕ್ಯಾಪ್ಟನನು ಊರು ಹಾಳಾಗುವುದನ್ನು ನೋಡಲಿಲ್ಲ, ೧೮೮೮ರಲ್ಲಿಯೇ ತೀರಿಕೊಂಡನು. ಅದೊಂದು ಪುಣ್ಯವೆಂದೇ ನನಗೆ ಅನ್ನಿಸಿತು. ನನ್ನಾಕೆ ಕಾರಿನಿಂದ ಇಳಿಯಲಿಲ್ಲ. “ಇಳಿದರೆ ತಲೆಗೆ ಸ್ನಾನ ಮಾಡಬೇಕು, ಇಲ್ಲಿ ನೀರೆಲ್ಲಿದೆ?” ಎಂದಳು. ಮಗಳು “ಅಮ್ಮಾ, ಇದು ಪಾರ್ಕು” ಎಂದು ಹೇಳಿ ನೋಡಿ ಸೋತಳು.

ಕೈಗನ್ನಡಿಯ ರಹಸ್ಯ ತಿಳಿದದ್ದು ಇಲ್ಲಿಯೇ. ನೂರು ವರ್ಷದ ಕಲ್ಲಿನ ಅಕ್ಷರ ಸವೆದಿರುತ್ತದೆ. ನೆತ್ತಿಯ ಬಿಸಿಲಿನಲ್ಲಿ ಏನೂ ಕಾಣದು. ಬೆಳಕು ಓರೆಯಾಗಿ, ಕಲ್ಲಿನ ಮೈಯನ್ನು ಸವರಿಕೊಂಡು ಬಂದರೆ, ಅಕ್ಷರದ ಕುಳಿಯಲ್ಲಿ ನೆರಳು ನಿಂತು ಹೆಸರು ಮೇಲೇಳುತ್ತದೆ. ಬೆಳಿಗ್ಗೆ ಸಂಜೆ ಸೂರ್ಯನೇ ಈ ಕೆಲಸ ಮಾಡುತ್ತಾನೆ. ಉಳಿದ ಹೊತ್ತಿನಲ್ಲಿ ಕನ್ನಡಿಯಿಂದ ಬೆಳಕನ್ನು ತಿರುಗಿಸಬೇಕು. ಮಗಳು ಕನ್ನಡಿ ಹಿಡಿದಳು, ಅಳಿಯಂದಿರು ಮೊಣಕಾಲೂರಿದರು, ಬರಿಯ ಬೋಳು ಎಂದುಕೊಂಡಿದ್ದ ಕಲ್ಲಿನಲ್ಲಿ ಒಂದು ವರ್ಷ, ಒಂದು ತಿಂಗಳು, ಒಂದು ಹೆಸರು ಮೂಡಿ ಬಂದಿತು. ನಮ್ಮೂರ ಕೆರೆಯ ಏರಿಯ ಮೇಲಿನ ವೀರಗಲ್ಲನ್ನು ಶಾಸನದ ಪಂಡಿತರೊಬ್ಬರು ಹೀಗೆಯೇ ಸಂಜೆಯ ಬಿಸಿಲಿಗೆ ಕಾದು ಓದಿದುದು ನೆನಪಾಯಿತು. ಕೆಲವರು ಸೀಮೆಸುಣ್ಣ ಬಳಿದು ಓದುತ್ತಾರಂತೆ, ಇನ್ನು ಕೆಲವರು ಕ್ಷೌರದ ನೊರೆ ಹಚ್ಚುತ್ತಾರಂತೆ. ಎರಡೂ ಕಲ್ಲಿಗೆ ಕೇಡು. ಹಚ್ಚಲೇಬೇಕೆಂದರೆ ಶುದ್ಧ ನೀರು, ಮೆತ್ತನೆಯ ಬ್ರಷ್, ಅಷ್ಟೆ.

ಈ ಹವ್ಯಾಸಕ್ಕೆ ಆಚಾರಗಳೂ ಇವೆ, ಅಪಾಯಗಳೂ ಇವೆ. ಪಾಳುಬಿದ್ದಿದೆಯೆಂದ ಮಾತ್ರಕ್ಕೆ ಒಡೆಯನಿಲ್ಲವೆಂದಲ್ಲ. ೨೦೨೨ರ ಜನವರಿ ಒಂದರಿಂದ ಈ ಪ್ರಾಂತದಲ್ಲಿ ಒಡೆಯನ ಒಪ್ಪಿಗೆಯನ್ನು ಮೊದಲೇ ಪಡೆಯದೆ ಹೊಲದೊಳಕ್ಕೆ ಕಾಲಿಡುವುದು ಅಪರಾಧ. ಅಳಿಯಂದಿರು ಮೊದಲು ಹತ್ತಿರದ ಮನೆಯ ಬಾಗಿಲು ತಟ್ಟುತ್ತಾರೆ. ಇಲ್ಲವಾದರೆ ದಾರಿಯಲ್ಲಿಯೇ ನಿಂತು ಉದ್ದನೆಯ ಮಸೂರದಿಂದ ತೆಗೆಯುತ್ತಾರೆ. ಒಳಗೆ ಹೋಗುವುದಂತೂ ಕೂಡದು. ಹಲಗೆ ಮುರಿದು ನೆಲಮನೆಗೆ ಬೀಳಬಹುದು. ಹುಲ್ಲಿನಲ್ಲಿ ಹಳೆಯ ಬಾವಿ ಬಾಯಿ ತೆರೆದುಕೊಂಡಿರಬಹುದು. ಇಲಿಯ ಹಿಕ್ಕೆಯ ದೂಳಿನಿಂದ ಹಂಟಾವೈರಸ್ ಎಂಬ ಮಾರಕ ಕಾಯಿಲೆ ಅಂಟೀತು. ಮಳೆ ಬಿದ್ದರಂತೂ ಅಲ್ಲಿನ ಜೇಡಿಮಣ್ಣಿನ ದಾರಿ ನಮ್ಮ ಎರೆಭೂಮಿಗೆ ಸರಿಸಾಟಿ. ಚಕ್ರಕ್ಕೆ ಮೆತ್ತಿಕೊಂಡರೆ ಕಾರು ಅಲ್ಲಿಯೇ ಸಂಸಾರ ಹೂಡುತ್ತದೆ.

ಮನೆ ಬಿದ್ದುಹೋದ ಮೇಲೂ ಮನೆಯಿದ್ದ ಜಾಗವನ್ನು ಹೇಗೆ ಗುರುತಿಸುವುದು? ಲೈಲಾಕ್ ಹೂವಿನಿಂದ. ಗಾಳಿಗೆ ತಡೆಯಾಗಲೆಂದು ನೆಟ್ಟ ಕ್ಯಾರಗಾನದ ಬೇಲಿ, ಬಾಗಿಲ ಬಳಿ ಆಸೆಯಿಂದ ನೆಟ್ಟ ಒಂದು ಲೈಲಾಕ್ ಗಿಡ: ಇವು ಒಡೆಯರಿಗಿಂತ ದೀರ್ಘಾಯುಗಳು. ಇಂಡಿಯನ್ ಹೆಡ್ ಎಂಬ ಊರಿನಲ್ಲಿ ೧೯೦೧ರಲ್ಲಿ ಏರ್ಪಟ್ಟ ಸರ್ಕಾರಿ ಸಸಿತೋಟವು ರೈತರಿಗೆ ಲೆಕ್ಕವಿಲ್ಲದಷ್ಟು ಸಸಿಗಳನ್ನು ಹಂಚಿತು. ಜೂನಿನಲ್ಲಿ ಹೊಲದ ನಡುವೆ, ಸುತ್ತ ಒಂದು ಗೋಡೆಯೂ ಇಲ್ಲದೆ, ನೇರಳೆ ಬಣ್ಣದ ಹೂಗೊಂಚಲು ಕಂಡಿತೆಂದರೆ ಅಲ್ಲೊಬ್ಬಳು ಗೃಹಿಣಿ ಇದ್ದಳೆಂದು ತಿಳಿಯಬೇಕು.

ಹೋದರೇಕೆ ಇವರೆಲ್ಲ? ಬರದಿಂದ. ೧೮೫೭ರಿಂದ ಈ ಕಡೆ ಸುತ್ತಿದ ಜಾನ್ ಪ್ಯಾಲಿಸರ್ ಎಂಬ ಶೋಧಕನು, ದಕ್ಷಿಣದ ಒಂದು ಮುಕ್ಕೋನ ಭೂಮಿ ಬೇಸಾಯಕ್ಕೆ ತಕ್ಕುದಲ್ಲವೆಂದು ಬರೆದಿಟ್ಟಿದ್ದನು. ಆಮೇಲೆ ಒಳ್ಳೆಯ ಮಳೆಯ ವರ್ಷಗಳಲ್ಲಿ ಬಂದ ಪಂಡಿತರು ಅದನ್ನು ಅಲ್ಲಗಳೆದರು. ೧೯೨೮ರಲ್ಲಿ ಎಕರೆಗೆ ೨೩ ಬುಷೆಲ್ ಗೋಧಿ ಕೊಟ್ಟ ನೆಲ ೧೯೩೭ರಲ್ಲಿ ಕೊಟ್ಟದ್ದು ೨.೭ ಬುಷೆಲ್. ನಾವು ಹಾದುಹೋದ ಯೆಲ್ಲೊ ಗ್ರಾಸ್ ಎಂಬ ಸಣ್ಣ ಊರಿನಲ್ಲಿ ಆ ವರ್ಷ ಜುಲೈ ೫ರಂದು ಉಷ್ಣಮಾನ ೪೫ ಡಿಗ್ರಿಗೇರಿತು. ೨೦೨೧ರವರೆಗೆ ಇಡೀ ಕೆನಡಾದಲ್ಲಿ ಅದನ್ನು ಮೀರಿಸಿದ ದಿನ ಬರಲಿಲ್ಲ. ಹೊಲದ ಮಣ್ಣು ಹಾರಿ ಬೇಲಿಯನ್ನು ಮುಚ್ಚಿತು. ಪೆಟ್ರೋಲಿಗೆ ಕಾಸಿಲ್ಲದೆ ಜನ ಕಾರಿನ ಇಂಜಿನನ್ನು ಕಿತ್ತು, ಕುದುರೆ ಕಟ್ಟಿ ಎಳೆಸಿದರು. ಆಗಿನ ಪ್ರಧಾನಿಯ ಹೆಸರಿನಿಂದ ಅದನ್ನು ‘ಬೆನೆಟ್ ಬಗ್ಗಿ’ ಎಂದು ಕರೆದು ನಕ್ಕರು. ನಗುವುದಕ್ಕೂ ಆಗದೆ ಹೋದವರು ಬಾಗಿಲು ಮುಚ್ಚಿ ಉತ್ತರದ ಕಾಡಿನ ಕಡೆಗೆ ನಡೆದರು.

ಉಳಿದುದನ್ನು ಯಂತ್ರಗಳು ಮುಗಿಸಿದವು. ದೊಡ್ಡ ಟ್ರ್ಯಾಕ್ಟರು ಬಂದ ಮೇಲೆ ೧೬೦ ಎಕರೆಗೆ ಒಂದು ಸಂಸಾರ ಬೇಕಿಲ್ಲ. ೧೯೩೬ರಲ್ಲಿ ೧ ಲಕ್ಷ ೪೨ ಸಾವಿರವಿದ್ದ ಇಲ್ಲಿನ ಹಿಡುವಳಿಗಳು ೨೦೨೧ರ ಗಣತಿಯಲ್ಲಿ ೩೪ ಸಾವಿರ. ರೈಲುದಾರಿಯ ಪಕ್ಕದಲ್ಲಿ ಎಂಟು ಹತ್ತು ಮೈಲಿಗೊಂದರಂತೆ ಮರದ ಧಾನ್ಯಗೋಪುರಗಳಿದ್ದವು. ಇವನ್ನು ಎಲಿವೇಟರ್ ಎನ್ನುತ್ತಾರೆ. ರೈತನು ಕುದುರೆ ಗಾಡಿಯಲ್ಲಿ ಗೋಧಿ ತಂದು ಸುರಿದು ಅದೇ ದಿನ ಮನೆಗೆ ಮರಳಬೇಕೆಂಬ ಲೆಕ್ಕದಿಂದ ಅಷ್ಟು ದೂರ. ೧೯೩೦ರ ದಶಕದಲ್ಲಿ ಪ್ರೇರಿ ಪ್ರಾಂತಗಳಲ್ಲೆಲ್ಲ ಸೇರಿ ೫,೭೦೦ಕ್ಕೂ ಹೆಚ್ಚಿದ್ದವು. ಈಗ ಉಳಿದಿರುವುದು ಕೆಲವು ನೂರು. ೧೯೯೫ರಲ್ಲಿ ಧಾನ್ಯ ಸಾಗಣೆಯ ಸಹಾಯಧನ ನಿಂತ ಮೇಲೆ ಸಣ್ಣ ರೈಲುಹಾದಿಗಳನ್ನು ಕಿತ್ತರು; ಗೋಪುರಗಳು ಒಂದೊಂದಾಗಿ ಉರುಳಿದವು. ಅಳಿಯಂದಿರು ಕಳೆದ ಬಾರಿ ಚಿತ್ರ ತೆಗೆದಿದ್ದ ಒಂದು ಗೋಪುರವನ್ನು ನಮಗೆ ತೋರಿಸಬೇಕೆಂದು ಇಪ್ಪತ್ತು ಮೈಲಿ ಸುತ್ತು ಹಾಕಿ ಕರೆದೊಯ್ದರು. ಅಲ್ಲಿದ್ದುದು ಒಂದು ಸಿಮೆಂಟಿನ ಅಡಿಪಾಯ. ಅವರು ಇಳಿದು ಸ್ವಲ್ಪ ಹೊತ್ತು ನಿಂತರು. ಬಂದು ಕುಳಿತ ಮೇಲೂ ಬಹಳ ದೂರ ಮಾತಾಡಲಿಲ್ಲ.

ಗೋರಿಗಳ ವಿಷಯವನ್ನು ಇನ್ನೂ ಸ್ವಲ್ಪ ಹೇಳಬೇಕು, ವಾಚಕರು ಬೇಸರಪಡಬಾರದು. ಬಂದ ಜನ ಒಂದು ಕುಲದವರಲ್ಲ. ಉಕ್ರೇನಿನವರ ಗೋರಿಗೆ ಮೂರು ಅಡ್ಡಪಟ್ಟಿಯ ಶಿಲುಬೆ. ರಷ್ಯದಿಂದ ಬಂದ ಜರ್ಮನರ ಗೋರಿಗೆ ಊರ ಕಮ್ಮಾರನು ಬಳ್ಳಿ, ಹೂವು, ಸೂರ್ಯರನ್ನು ಬಡಿದು ಮಾಡಿದ ಕಬ್ಬಿಣದ ಶಿಲುಬೆ. ಲಿಪ್ಟನ್ ಹತ್ತಿರ ಯೆಹೂದಿ ರೈತರ ಸಮಾಧಿಗಳ ಮೇಲೆ ಮರದ ಪುಟ್ಟ ಮನೆಗಳನ್ನೇ ಕಟ್ಟಿದ್ದಾರೆ. ಮೇಡ್‌ಸ್ಟೋನ್ ಕಡೆ ಅಮೆರಿಕದ ಓಕ್ಲಹೋಮಾದಿಂದ ವರ್ಣದ್ವೇಷ ತಾಳಲಾರದೆ ೧೯೧೦ರ ಸುಮಾರಿಗೆ ಬಂದ ಕರಿಯ ಜನ ದಿಮ್ಮಿಗಳಿಂದ ಕಟ್ಟಿದ ಶೈಲೋ ಚರ್ಚು ಇದೆ. ಅದರ ಪಕ್ಕದ ಗೋರಿಗಳಲ್ಲಿ ಹಲವಕ್ಕೆ ಹೆಸರಿಲ್ಲ, ಹೊಲದ ಕಲ್ಲುಗಳೇ ಗುರುತು. ಒಮ್ಮೊಮ್ಮೆ ನೀಲಿಬೂದು ಬಣ್ಣದ, ಅಕ್ಷರ ಒಂದಿಷ್ಟೂ ಸವೆಯದ ಕಂಬ ಕಾಣುತ್ತದೆ. ಬೆರಳಿನಿಂದ ತಟ್ಟಿದರೆ ಡಬ್ಬಿಯಂತೆ ಸದ್ದು! ಅದು ಸತುವಿನ ಎರಕ, ಒಳಗೆ ಪೊಳ್ಳು. ‘ಬಿಳಿ ಕಂಚು’ ಎಂದು ಹೆಸರಿಟ್ಟು ಮಾರಿದರಂತೆ. ವ್ಯಾಪಾರಿಗಳ ಜಾಣತನ ಎಲ್ಲ ಕಾಲಕ್ಕೂ ಒಂದೇ. ಆದರೆ ಅಮೃತಶಿಲೆ ಸವೆದಿದೆ, ಈ ಅಗ್ಗದ ಸರಕು ಉಳಿದಿದೆ.

ಕುರಿಮರಿ ಮಲಗಿರುವ ಕಲ್ಲು ಕಂಡರೆ ಅದು ಮಗುವಿನದು. ೧೯೧೮ರ ಚಳಿಗಾಲದ ಕಲ್ಲುಗಳು ಸಾಲಾಗಿ ಬರುತ್ತವೆ. ಇನ್‌ಫ್ಲುಯೆಂಜಾ ಈ ಪ್ರಾಂತವೊಂದರಲ್ಲೇ ಸುಮಾರು ಐದು ಸಾವಿರ ಜನರನ್ನು ಕೊಂಡೊಯ್ದಿತು. ಅದೇ ವರ್ಷ ಅದೇ ಜ್ವರ ನಮ್ಮ ಮೈಸೂರು ಸೀಮೆಯಲ್ಲಿ ಮಾಡಿದ ಹಾಳು ಹಿರಿಯರ ಬಾಯಲ್ಲಿ ಕೇಳಿದ್ದೆ.

ಒಂದು ಬಗೆಯ ಸಮಾಧಿಭೂಮಿಯ ಚಿತ್ರವನ್ನು ಮಾತ್ರ ಅಳಿಯಂದಿರು ತೆಗೆಯುವುದಿಲ್ಲ. ಹತ್ತು ಡಾಲರಿಗೆ ಹಂಚಿದ ಆ ನೆಲ ಬರಿದಾಗಿರಲಿಲ್ಲ. ಕ್ರೀ, ಸೋಟೋ ಮೊದಲಾದ ಮೂಲನಿವಾಸಿಗಳ ನಾಡು ಅದು. ಕಾಡೆಮ್ಮೆಗಳ ಹಿಂಡು ಅಳಿಯುತ್ತಿದ್ದ ಕಾಲದಲ್ಲಿ, ೧೮೭೪ರಲ್ಲಿ, ಕ್ಯಾಪೆಲ್ ಕಣಿವೆಯಲ್ಲಿ ಅವರೊಡನೆ ಒಪ್ಪಂದವಾಗಿ, ಅವರು ಗೊತ್ತಾದ ತುಂಡುಭೂಮಿಗಳಿಗೆ ಸೀಮಿತರಾದರು. ಅವರ ಮಕ್ಕಳನ್ನು ತಾಯ್ತಂದೆಗಳಿಂದ ಬಿಡಿಸಿ ವಸತಿಶಾಲೆಗಳಲ್ಲಿಟ್ಟರು. ಅಂಥ ಒಂದು ಶಾಲೆಯ ಬಳಿ ಗುರುತಿಲ್ಲದ ೭೫೧ ಗೋರಿಗಳಿರಬಹುದೆಂದು ಕೌಎಸೆಸ್ ಜನಾಂಗದವರು ೨೦೨೧ರ ಜೂನ್ ೨೪ರಂದು ಪ್ರಕಟಿಸಿದರು. “ಪಾಳುಮನೆಯ ಚಂದ ನೋಡಬಹುದು, ಮಾವ. ಅಲ್ಲಿ ಚಂದ ಹುಡುಕೋದು ತಪ್ಪು. ಅವರಾಗಿ ಕರೆದರೆ ಹೋಗ್ತೀನಿ, ಕ್ಯಾಮೆರಾ ಇಲ್ಲದೆ” ಎಂದರು. ಅಂದಿನಿಂದ ಅವರ ಹವ್ಯಾಸದ ಬಗೆಗೆ ನನ್ನ ಗೌರವ ಹೆಚ್ಚಿತು.

ಮರುವಾರ ನೈರುತ್ಯಕ್ಕೆ ಹೋದೆವು. ೧೩ನೆಯ ಹೆದ್ದಾರಿಯ ಉದ್ದಕ್ಕೂ ಹಾಳೂರುಗಳ ಸಾಲು. ರಾಬ್ಸಾರ್ಟ್‌ನಲ್ಲಿ ಮುಂಭಾಗ ಮಾತ್ರ ಎತ್ತರವಾಗಿ, ಹಿಂದೆ ಕುಳ್ಳಾಗಿರುವ ಮರದ ಅಂಗಡಿಗಳು ನಾಟಕದ ಪರದೆಯಂತೆ ನಿಂತಿವೆ. ಅದರ ಪೂರ್ವಕ್ಕಿರುವ ಈಸ್ಟೆಂಡ್‌ನಲ್ಲಿ ಅಮೆರಿಕದ ಪ್ರಸಿದ್ಧ ಕಾದಂಬರಿಕಾರ ವಾಲೇಸ್ ಸ್ಟೆಗ್ನರ್ ೧೯೧೪ರಿಂದ ೧೯೨೦ರವರೆಗೆ ಬಾಲ್ಯ ಕಳೆದನು. ಅವನ ತಂದೆಯೂ ಗಡಿಯ ಹತ್ತಿರ ಹೊಲ ಹಿಡಿದು, ಮಳೆಯಿಲ್ಲದೆ ಬಿಟ್ಟವನೇ. ಮಗನು ಆ ನೆನಪನ್ನು ೧೯೬೨ರಲ್ಲಿ ‘ವುಲ್ಫ್ ವಿಲೋ’ ಎಂಬ ಪುಸ್ತಕವಾಗಿಸಿದನು. ಅವರ ಮನೆ ಇನ್ನೂ ಇದೆ. ಲೇಖಕರೂ ಕಲಾವಿದರೂ ಬಂದು ತಂಗುತ್ತಾರೆ.

ಹಿಂದಿರುಗುವಾಗ ದಾರಿಯ ಬದಿಯಲ್ಲಿ ಎರಡಂತಸ್ತಿನ ಒಂದು ಮನೆ. ಸಂಜೆ ಎಂಟು ಗಂಟೆ. ಅಲ್ಲಿ ಸೂರ್ಯ ಮುಳುಗುವುದು ಒಂಬತ್ತರ ಮೇಲೆ. ಅನುಮತಿ ಕೇಳಲು ಹೋದ ಅಳಿಯಂದಿರ ಜೊತೆ ಒಡೆಯನೇ ಬಂದನು. ಎಂಬತ್ತರ ಮುದುಕ, ಕೈಗಳು ಸೌದೆಯಂತೆ. ಅದು ಅವನ ಅಜ್ಜಿಯ ಮನೆ. “ಬರುವ ಶರತ್ಕಾಲಕ್ಕೆ ಕೆಡವುತ್ತಾರೆ. ಹೊಲ ಮಾರಿದ್ದೇನೆ” ಎಂದನು. ನನ್ನಾಕೆ ಕಾರಿನೊಳಗಿಂದ ಕೇಳುತ್ತಿದ್ದಳು. ಮಗಳು ಅರ್ಥ ಹೇಳುತ್ತಿದ್ದಳು.

ಅಳಿಯಂದಿರು ಮುಕ್ಕಾಲಿ ಊರಿದರು. ಮುದುಕನು ಮನೆಯನ್ನು ನೋಡುತ್ತಿರಲಿಲ್ಲ. ಲೈಲಾಕ್ ಗಿಡದ ಆಚೆ ನೋಡುತ್ತಿದ್ದನು. ಆಮೇಲೆ, ಆ ಗಿಡದಿಂದ ಹನ್ನೆರಡು ಹೆಜ್ಜೆ ಉತ್ತರಕ್ಕೆ ತನ್ನ ತಂದೆಯ ತಂಗಿಯೊಬ್ಬಳನ್ನು ಇಟ್ಟಿದ್ದಾರೆಂದನು. ಆರು ವಾರದ ಕೂಸು. ಆಗ ಸ್ಮಶಾನವೂ ಇರಲಿಲ್ಲ, ಪಾದ್ರಿಯೂ ಇರಲಿಲ್ಲ. ಕಲ್ಲು ತರಿಸಲು ದುಡ್ಡಿರಲಿಲ್ಲ. ಅಜ್ಜಿ ಅದಕ್ಕಾಗಿಯೇ ಆ ಗಿಡವನ್ನು ಅಲ್ಲಿ ನೆಟ್ಟಳಂತೆ. ತನಗೆ ಮಕ್ಕಳಿಲ್ಲ, ತನ್ನ ಬಳಿಕ ಈ ಹನ್ನೆರಡು ಹೆಜ್ಜೆಯ ಲೆಕ್ಕ ಬಲ್ಲವರಿಲ್ಲ. ಹೊಸ ಒಡೆಯರಿಗೆ ಹೇಳಿದೆಯಾ ಎಂದು ಅಳಿಯಂದಿರು ಕೇಳಿದರು. ಹೇಳಬೇಕೆಂದು ಹೋಗಿದ್ದೆ, ಬಾಯಿ ಬರಲಿಲ್ಲ ಎಂದನು.

ಅಷ್ಟರಲ್ಲಿ ಕಾರಿನ ಬಾಗಿಲು ತೆರೆದ ಸದ್ದು. ನನ್ನಾಕೆ ಇಳಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಲ್ಲು ತುಳಿಯುತ್ತ ಬಂದಳು. ಯಾರನ್ನೂ ಮಾತಾಡಿಸಲಿಲ್ಲ. ಗಿಡದ ಬುಡದಲ್ಲಿ ನಿಂತು, ಹೆಜ್ಜೆ ಎಣಿಸಿದಳು. ಆಕೆಯ ಹನ್ನೆರಡು ಹೆಜ್ಜೆ ಸಾಲಲಿಲ್ಲ. ಮುದುಕನು ತಲೆಯಾಡಿಸಿ, ಇನ್ನೂ ಮುಂದೆ ಎಂದು ಕೈ ತೋರಿಸಿದನು. ಹದಿನೈದಕ್ಕೆ ಸರಿಹೋಯಿತು. ನಾವಿಬ್ಬರೂ ಮದುವೆಯಾದ ಎರಡನೆಯ ವರ್ಷ ಕಳೆದುಕೊಂಡ ಕೂಸಿಗೂ ಕಲ್ಲಿಲ್ಲ. ಅದನ್ನು ಅಲ್ಲಿ ಯಾರೂ ಎತ್ತಲಿಲ್ಲ.

ಅಳಿಯಂದಿರು ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಉಪಗ್ರಹದ ಲೆಕ್ಕದಿಂದ ಗುರುತಿಸಿ ಬರೆದುಕೊಂಡರು. ಸಸ್ಕಾಚೆವಾನಿನ ವಂಶಾವಳಿ ಸಂಘದವರು ಪ್ರಾಂತದ ಸಮಾಧಿಗಳ ಪಟ್ಟಿಯನ್ನು ಇಟ್ಟಿದ್ದಾರೆ. ಅವರಿಗೊಂದು ಪ್ರತಿ, ಹೊಲ ಕೊಂಡವರಿಗೊಂದು ಪ್ರತಿ ಕಳಿಸುವುದೆಂದು ಮುದುಕನೊಡನೆ ಮಾತಾಯಿತು. ಚಿತ್ರದಲ್ಲಿ ಮನೆ ಹಿಂದೆ ಸಣ್ಣದಾಗಿ ಬಂದಿದೆ. ಮುಂದೆ ಲೈಲಾಕ್, ಅದರಾಚೆ ಬರಿಯ ಹುಲ್ಲು. ನೋಡಿದವರಿಗೆ ಏನೂ ವಿಶೇಷ ಕಾಣದು.

ಆ ರಾತ್ರಿ ಹನ್ನೊಂದಕ್ಕೆ ಮನೆ ತಲುಪಿದೆವು. ನೀರು ಕಾಯಿಸಬೇಕೆ ಎಂದು ಮಗಳು ತಾಯಿಯನ್ನು ಕೇಳಿದಳು. “ಕೈಕಾಲು ತೊಳೆದರೆ ಸಾಕು” ಎಂದು ಹೇಳಿ ಆಕೆ ಪುಳಿಯೋಗರೆಯ ಖಾಲಿ ಡಬ್ಬಿಯನ್ನು ಬೆಳಗಲು ಹೋದಳು.